ಕಟ್

ಟೈಪ್ ಮಾಡೋನು ಕೇಳ್ದ: ಹೆಸರು?
ಭೀಮಶಾ ತಂದೆ ಲಕ್ಕಪ್ಪ.
ವಯಸ್ಸು?
ಐವತ್ತೆಂಟೋ ಅರವತ್ತೋ, ಆಧಾರದಾಗ ಇದ್ದದ್ದು ಬರಿ.
ಉದ್ಯೋಗ?
ಕಾಳು ಕಡಿಯೋದು, ಅಂದೆ.
ಅವ ನನ್ನ ಮಾರಿ ನೋಡ್ದ.
ಆಮ್ಯಾಲ 'ಕೂಲಿ' ಅಂತ ಬಡ್ದ.

ಕೂಲಿ ಅಲ್ರಿ ಸಾಹೇಬ್ರ.
ಪುಷ್ಯ ಮಾಸದಾಗ ನಮ್ಮ ಕಲಬುರಗಿ ಗಂಜಿಗೆ ಬಂದು ನಿಂದ್ರಿ.
ಆಳಂದ, ಚಿತ್ತಾಪುರ, ಜೇವರ್ಗಿ ಕಡಿಂದ ತೊಗರಿ ಇಳೀತದ,
ಚೀಲಕ್ಕ ಬಂಬು ಚುಚ್ಚಿ ಒಂದು ಹಿಡಿ ತಗದು
ನನ್ನ ಅಂಗೈಗೆ ಸುರೀತಾರ.
ನನಗ ಒಂದೇ ಕಾಳು ಸಾಕು.
ಎಡಗಡಿ, ಕೆಳಗಿನ ದವಡಿ, ಕಡೀಕಿಂತ ಒಂದು ಮುಂದಿನ ಹಲ್ಲು.
ಒಣಗಿದ್ದು 'ಕಟ್' ಅಂತದ.
ಇನ್ನೊಂದು ಬಿಸಿಲು ಬೇಕಾದದ್ದು
ಅನ್ನಬೇಕೋ ಬ್ಯಾಡೋ ಅಂತ ಅನುಮಾನ ಮಾಡ್ತದ.
ಇಬ್ಬನಿ ಕುಡದದ್ದು ಸುಮ್ಮ ಚಪ್ಪಟಿ ಆಗ್ತದ, ಮಾತೇ ಇಲ್ಲ.
ನಾ ಹನ್ನೊಂದು ಅಂದ್ರ ತೇವ ಹನ್ನೊಂದೇ,
ಹದಿಮೂರು ಅಂದ್ರ ಸೇಠಜಿ ಕೈ ಹಿಂದ ತಗೀತಿದ್ರು.
ಮೂವತ್ತೆರಡು ವರ್ಷ ಒಬ್ಬ ರೈತ ಬೈದಿಲ್ಲ.
ಸುಳ್ಳು, ಬೈದಾರ,
ಆದ್ರ 'ತಪ್ಪದ' ಅಂತ ಯಾರೂ ಅಂದಿಲ್ಲ.

ನೋವಿದ್ದದ್ದು ಅದರ ಹಿಂದಿನ ಹಲ್ಲು.
ಬೊಟ್ಟು ಇಟ್ಟು ತೋರ್ಸಿನಿ, ಎಕ್ಸರೇದಾಗೂ ಕರ್ರಗ ಕಾಣ್ತಿತ್ತು.
ಸೂಪರ್ ಮಾರ್ಕೆಟಿನ ಮಾಳಗಿ ಮ್ಯಾಲಿನ ದವಾಖಾನಿ,
ಡಾಕ್ಟರು ಕಿವಿಗೂ ಭುಜಕ್ಕೂ ನಡುವ ಫೋನ್ ಸಿಗಸ್ಕೊಂಡು
ಪ್ಲಾಟಿನ ರೇಟು ಮಾತಾಡ್ಲತಿದ್ರು.
ಸೂಜಿ.
ಜೋಮು.
ಇಕ್ಕಳ.
ತಟ್ಟಿಯೊಳಗ ಟಣ್ ಅಂತ ಬಿದ್ದದ್ದು ನೋಡ್ದೆ,
ಬೆಳ್ಳಗ, ಗಟ್ಟಿಗ, ನನ್ನ ಅನ್ನದ ಹಲ್ಲು!
ಡಾಕ್ಟರು "ಅಯ್ಯ" ಅಂದ್ರು, ಫೋನಿಗಲ್ಲ.
ಅವಸರದಾಗ ಹಿಂದಿನದೂ ಕಿತ್ರು, ಎಷ್ಟು ಆಳ ಹೋದ್ರೋ,
ಒಳಗ ಒಂದು ನರ ಸುಮ್ಮಾಯ್ತು.
ಎರಡು ಹಲ್ಲಿಗೆ ಎರಡು ಸಾವಿರದ ನಾಲ್ಕುನೂರು.
ತಪ್ಪಿ ಕಿತ್ತದ್ದಕ್ಕೂ ರೇಟು ಅದೇ.

ಜೋಮು ಸಂಜಿಗೆ ಇಳೀತದ ಅಂದ್ರು.
ಹದಿನಾಲ್ಕು ತಿಂಗಳಾಯ್ತು, ಆ ಸಂಜಿ ಇನ್ನಾ ಆಗಿಲ್ಲ.
ಎಡತುಟಿ ಯಾರ್ದೋ ತಂದು ಹೊಲದಂಗ ಅದ.
ಚಾ ಸೋರ್ತದ, ಅಂಗಿ ತೊಯ್ದ ಮ್ಯಾಲ ತಿಳೀತದ.
ನನ್ನ ತುಟಿ ನಾನೇ ಕಡಕೊಂಡು
ರೊಟ್ಟಿ ಮ್ಯಾಲ ರಕ್ತ ಬಿದ್ರ
ಅಂಬವ್ವ, "ಇಷ್ಟ್ಯಾಕ ಖಾರ ಹಚ್ಕೊಂಡಿ?" ಅಂತ ಬೈದ್ಲು.

ಗ್ರಾಹಕರ ಆಯೋಗದಾಗ ಎದುರಿನ ವಕೀಲ ಕಾಗದ ಹಿಡದ:
ಈ ಸಹಿ ನಿಮ್ದೇ?
ನಂದೇ.
ಓದಿ ಮಾಡಿದ್ರ್ಯಾ?
ಬಾಯಿ ತೆರದು ಮಲಗಿದವ ಏನು ಓದ್ತಾನ್ರಿ?
ಆಮ್ಯಾಲ ಅವ ಅಧ್ಯಕ್ಷರ ಕಡಿ ತಿರುಗಿ ಅಂದ:
ತೇವ ಅಳಿಯೋ ಮಶೀನ್ ಬಂದದ ಸ್ವಾಮಿ,
ಇವ್ರ ಹಲ್ಲು ಇದ್ದರೂ ಕೆಲಸ ಇರ್ತಿದ್ದಿಲ್ಲ.
ಆ ಮಾತು ಇಕ್ಕಳಕ್ಕಿಂತ ಆಳ ಹೋಯ್ತು.
ನಮ್ಮ ವಕೀಲಬಾಯಿ ನಸ್ರೀನ್ ಎದ್ದು
ಮಶೀನ್ ಕೆಟ್ಟ ದಿನ ಯಾರನ್ನ ಕರೀತಿದ್ರು ಕೇಳ್ರಿ, ಅಂದ್ರು.

ಅಧ್ಯಕ್ಷರು ಕನ್ನಡಕ ತಗದ್ರು.
ಎಷ್ಟು ಕೇಳ್ತೀರಿ? ಯಾವ ಲೆಕ್ಕದ ಮ್ಯಾಲ?
ಕಡ್ಡಿಪೆಟಗಿಯೊಳಗ ಹಲ್ಲು ತಂದಿದ್ದೆ, ಮೇಜಿನ ಮ್ಯಾಲ ಇಟ್ಟೆ.
ಅದಕ್ಕೊಂದು ನಂಬರಿನ ಚೀಟಿ ಹಚ್ಚಿದ್ರು.
ಲೆಕ್ಕ ಹೇಳ್ಬೇಕಂತ ಬಾಯಿ ತೆರದೆ.
'ಪ' ನೆಟ್ಟಗ ಬರಲ್ಲ ಈಗ, ಗಾಳಿ ಸೋರ್ತದ.
ಫರಿಹಾರ, ಅಂದೆ.
ಹಿಂದ ಬೆಂಚಿನ್ಯಾಗ ಯಾರೋ ನಕ್ರು.
ತಜ್ಞರ ವರದಿ ಬರಲಿ ಅಂತ ಮುಂದಿನ ತಾರೀಕು ಕೊಟ್ರು.
ತಜ್ಞರೂ ಹಲ್ಲಿನ ಡಾಕ್ಟರೇ.

ಸೀದಾ ಗಂಜಿಗೆ ಹೋದೆ, ಕಾಲಿಗೆ ಬ್ಯಾರೆ ದಾರಿ ಗೊತ್ತಿಲ್ಲ.
ಮಶೀನಿನ ಸೆಲ್ಲು ಸತ್ತಿತ್ತು, ಚೀಲ ಸಾಲಾಗಿ ನಿಂತಿದ್ವು.
ಮಶಾಕ್ ಹುಡುಗ ಒಂದು ಕಾಳು ಹಲ್ಲಿನಾಗ ಹಿಡದು
ನನ್ನ ಕಿವಿ ಹತ್ರ ಬಾಯಿ ತಂದ.
ಕಟ್.
ಹನ್ನೊಂದೂವರಿ, ಅಂದೆ.
ಹೊಸ ಸೆಲ್ಲು ಹಾಕಿ ನೋಡಿದ್ರು, ಹನ್ನೊಂದು ಪಾಯಿಂಟ್ ನಾಲ್ಕು.
ಹಮಾಲರು ಸೀಟಿ ಹೊಡದ್ರು.
ನಾ ಮಶಾಕನ ಹೆಗಲು ಹಿಡದು ಬಾಜೂಕ ಕರದೆ:
ಇದನ್ನ ಯಾರ ಮುಂದೂ ಆಡಬ್ಯಾಡಪ, ನಸ್ರೀನ್ ಬಾಯಿಗೂ.
ಕಿವಿ ಇನ್ನಾ ಜೀವ ಅದ ಅಂತ ತಿಳದ್ರ
ಆ ವಕೀಲ ಅದರ ರೊಕ್ಕಾನೂ ಕಡೀತಾನ.